ಅಲ್ಲಾಡದ ಟ್ಯಾಂಕು

ಸಾರಿಯೋಬಾ
ಸೆಪ್ಟೆಂಬರ್ 3

ಉಲ್ಜಾನ್,

ಹರಿದು ಹಾಕುವುದಿದ್ದರೆ ಓದಿದ ಮೇಲೆ ಹರಿದು ಹಾಕು. ನಾಲ್ಕು ವರ್ಷದಿಂದ ನಿನ್ನ ಫೋನು ನನ್ನ ನಂಬರನ್ನು ಒಳಗೆ ಬಿಟ್ಟುಕೊಂಡಿಲ್ಲ. ಅದಕ್ಕೇ ಬಲ್ಕಾಶ್ ರೈಲಿನ ಕಂಡಕ್ಟರ್ ಮಾರ್ಜಿಯಾಳ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ. ಅವಳು ಲಕೋಟೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ನಿಮ್ಮಿಬ್ರ ಜಗಳ ಇನ್ನೂ ಮುಗ್ದಿಲ್ವಾ? ನನ್ನ ಡಿವೋರ್ಸೇ ಇದಕ್ಕಿಂತ ಬೇಗ ಮುಗೀತು ಕಣೇ" ಅಂದಳು. ಎರಡು ಸೇಬು ಕೊಟ್ಟು ಬಾಯಿ ಮುಚ್ಚಿಸಿದೆ.

ಆಗಸ್ಟ್‌ನಿಂದ ಡೇಟಾ ಸೆಂಟರಿಗೆ ನಾನೇ ಮುಖ್ಯಸ್ಥೆ. ಸುದ್ದಿ ನಿನಗೆ ಮುಟ್ಟಿರುತ್ತದೆ, ಮುಟ್ಟಿದಾಗ ನೀನು ಮೂಗು ಮುರಿದಿರುತ್ತೀಯ. ಮುರಿ, ಪರವಾಗಿಲ್ಲ. ನೀನಿದ್ದಾಗ ನಮ್ಮ ಯಂತ್ರಗಳ ಮೇಲೆ ಒಂದು ಪ್ರಾಂತ್ಯದ ಆಂಬುಲೆನ್ಸ್ ಕರೆಗಳು ಮಾತ್ರ ಓಡುತ್ತಿದ್ದವು. ಈಗ ಮೂರು ಪ್ರಾಂತ್ಯ, ನಲವತ್ತೊಂದು ಆಸ್ಪತ್ರೆ. ಯಾರೋ ಎಲ್ಲೋ ಎದೆ ಹಿಡಿದುಕೊಂಡು ಫೋನ್ ಮಾಡಿದರೆ ಯಾವ ಗಾಡಿ ಹತ್ತಿರದಲ್ಲಿದೆ, ಯಾವ ದಾರಿ ಹಿಮದಲ್ಲಿ ಮುಚ್ಚಿದೆ, ರೋಗಿಗೆ ಯಾವ ಔಷಧಿ ಆಗುವುದಿಲ್ಲ, ಎಲ್ಲವೂ ನಮ್ಮ ಮೂರು ಹಾಲ್‌ಗಳಿಂದಲೇ ಹೋಗಬೇಕು. ಯಂತ್ರಗಳು ಮೂರು ಪಟ್ಟಾದವು, ಜನ ಮಾತ್ರ ಒಬ್ಬರು ಕಡಿಮೆಯಾದರು. ಜೂನ್‌ನಲ್ಲಿ ಪಾಪ್ಲರ್ ಮರಗಳ ಹತ್ತಿ ಹಾರಿಬಂದು ಛಾವಣಿಯ ತಂಪು ಯಂತ್ರಗಳಿಗೆ ಉಸಿರು ಕಟ್ಟಿತು. ಆಗ ನಾವೆಲ್ಲ ಪೊರಕೆ ಹಿಡಿದು ಮೇಲೆ ಹತ್ತಿದ್ದೆವು, ಎಂಜಿನಿಯರುಗಳೂ ಕಾವಲುಗಾರನೂ ಒಟ್ಟಿಗೆ. ಮಂಡಳಿಯವರು ಬಂದಾಗ ಹೊಳೆಯುವ ನೆಲವನ್ನು ಹೊಗಳಿ, ಫೋಟೋ ತೆಗೆಸಿಕೊಂಡು ಹೋಗುತ್ತಾರೆ. ನೆಲದ ಕೆಳಗೇನಿದೆ ಎಂದು ಯಾರೂ ಕೇಳುವುದಿಲ್ಲ.

ನೆಲದ ಕೆಳಗಿನ ವಿಷಯಕ್ಕೇ ಬರೆಯುತ್ತಿದ್ದೇನೆ. ನಕ್ಷೆ ಒಂದು ಹೇಳುತ್ತದೆ, ಹಲಗೆ ಎತ್ತಿ ನೋಡಿದರೆ ಕೇಬಲ್ ಇನ್ನೆಲ್ಲಿಗೋ ಹೋಗಿರುತ್ತದೆ. ಯಾವ ತಂತಿ ಎಲ್ಲಿಂದ ಎಲ್ಲಿಗೆ ಎಂದು ನೀನು ಮಂಡಿಯೂರಿ ತೆವಳಿ ನೋಡಿ ಬರೆದುಕೊಂಡಿದ್ದ ನೀಲಿ ರಟ್ಟಿನ ನೋಟ್‌ಬುಕ್ ನಿನ್ನ ಹತ್ತಿರವೇ ಇರಬೇಕು. ಈ ಜನವರಿಯಲ್ಲಿ ನಾನು ನಿಜವಾದ ಪರೀಕ್ಷೆ ಮಾಡಬೇಕೆಂದಿದ್ದೇನೆ. ಹಾಡುಹಗಲು, ಎಲ್ಲ ಓಡುತ್ತಿರುವಾಗಲೇ ಊರಿನ ಕರೆಂಟನ್ನು ಕೈಯಾರೆ ತೆಗೆದು, ಜನರೇಟರ್ ಇಡೀ ಹೊರೆ ಹೊರುತ್ತದೋ ಇಲ್ಲವೋ ನೋಡಬೇಕು. ಆ ನೋಟ್‌ಬುಕ್ ಇಲ್ಲದೆ ಸ್ವಿಚ್ಚಿಗೆ ಕೈ ಹಾಕಲು ನನಗೆ ಧೈರ್ಯವಿಲ್ಲ. ಕಳಿಸಿಕೊಡು.

ಉಳಿದದ್ದನ್ನು ಎಂದಾದರೂ ಸಿಕ್ಕಾಗ ಮಾತಾಡೋಣ.

ಕಮ್ಶಾತ್


ಬಲ್ಕಾಶ್ ದಂಡೆ
ಸೆಪ್ಟೆಂಬರ್ 19

ಕಮ್ಶಾತ್,

ಓದಿದೆ. ಹರಿಯಲಿಲ್ಲ, ಇಲ್ಲಿ ಮೀನು ಸುತ್ತಲು ಕಾಗದ ಸಾಲುವುದಿಲ್ಲ.

ನಾನು ಮೀನಿನ ಶೀತಲಗೃಹದಲ್ಲಿದ್ದೇನೆ. ಮೂರು ಕೋಣೆ, ನಾಲ್ಕು ಕಂಪ್ರೆಸರ್, ಒಂದು ಹಳೆಯ ಜನರೇಟರ್. ನಿನ್ನದೇ ಕೆಲಸ, ವಾಸನೆ ಮಾತ್ರ ಬೇರೆ. ಒಂದು ಸುಖವಿದೆ. ಇಲ್ಲಿ ಕರೆಂಟು ಹೋದರೆ ಯಾರೂ ಸಾಯುವುದಿಲ್ಲ, ಮೀನು ಮೊದಲೇ ಸತ್ತಿರುತ್ತದೆ.

ನಿನ್ನ ಕಾಗದದಲ್ಲಿ ಪಾಪ್ಲರ್ ಹತ್ತಿ ಇದೆ, ಸೇಬು ಇದೆ, ಮಾರ್ಜಿಯಾಳ ಡಿವೋರ್ಸ್ ಕೂಡ ಇದೆ. ಸೀಮೆಎಣ್ಣೆ ಎಂಬ ಮಾತಿಲ್ಲ. ಇಸಾತಾಯ್ ಎಂಬ ಹೆಸರಿಲ್ಲ. ಮರೆತಿದ್ದರೆ ನೆನಪಿಸುತ್ತೇನೆ.

ಆ ಅಕ್ಟೋಬರ್‌ನಲ್ಲಿ ಜನರೇಟರ್ ಟ್ಯಾಂಕಿನಲ್ಲಿ ಅರ್ಧದಷ್ಟು ಬೇಸಿಗೆಯ ಡೀಸೆಲ್ ಉಳಿದಿತ್ತು. ಚಳಿ ಬಿದ್ದರೆ ಅದು ತುಪ್ಪದ ಹಾಗೆ ಗಟ್ಟಿಯಾಗುತ್ತದೆ, ಖಾಲಿ ಮಾಡಿಸೋಣ ಅಂದೆ. ನೀನು ನನ್ನ ಪಾಳಿಯ ಮೇಲಿನವಳು. "ಅಯ್ಯೋ, ಲಾರಿ ಡ್ರೈವರುಗಳು ಪ್ರತಿ ವರ್ಷ ಏನ್ಮಾಡ್ತಾರೆ? ನಾಲ್ಕು ಡಬ್ಬ ಸೀಮೆಎಣ್ಣೆ ಸುರಿ, ಮೇಲೆ ಚಳಿಗಾಲದ್ದು ತುಂಬ್ಸು, ಮುಗೀತು" ಅಂದೆ ನೀನು. ಸುರಿದವಳು ನಾನು. ಸಹಿ ಹಾಕಿದವಳೂ ನಾನು. ಜನವರಿ ಹದಿನೇಳಕ್ಕೆ ಸೊನ್ನೆಗಿಂತ ಮೂವತ್ತಾರು ಡಿಗ್ರಿ ಕೆಳಗಿತ್ತು, ಊರಿನ ಕರೆಂಟು ಹೋಯಿತು. ಜನರೇಟರ್ ಆರು ನಿಮಿಷ ಓಡಿ ಉಸಿರು ಬಿಟ್ಟಿತು. ಬ್ಯಾಟರಿಗಳೂ ಮುಗಿದ ಮೇಲೆ ನಲವತ್ತೇಳು ನಿಮಿಷ ಒಂದು ಆಂಬುಲೆನ್ಸಿಗೂ ಎಲ್ಲಿ ಹೋಗಬೇಕೆಂದು ಗೊತ್ತಿರಲಿಲ್ಲ. ಕರಾಸೂ ಹಳ್ಳಿಯ ಗಡಿಯಾರ ರಿಪೇರಿಯ ಇಸಾತಾಯ್‌ನ ಹೆಂಡತಿ ಮೂರು ಸಲ ಫೋನ್ ಮಾಡಿದ್ದಳು. ಗಾಡಿ ಮುಟ್ಟುವಷ್ಟರಲ್ಲಿ ಅವನು ಹೋಗಿದ್ದ.

ವಿಚಾರಣೆಯಲ್ಲಿ "ಇದನ್ನ ತೀರ್ಮಾನ ಮಾಡಿದ್ದು ಯಾರು?" ಎಂದು ಕೇಳಿದರು. ನೀನು ಕಿಟಕಿಯ ಕಡೆ ನೋಡುತ್ತಿದ್ದೆ. ನಿನ್ನ ಬಾಯಿ ಈಗ ತೆರೆಯುತ್ತದೆ, ಈಗ ತೆರೆಯುತ್ತದೆ ಎಂದು ನಾನು ಕಾದೆ. ಕೆಲಸದಿಂದ ತೆಗೆದ ಆದೇಶ ನನ್ನ ಹೆಸರಿಗೆ ಬಂತು. ಕಾಯುತ್ತಲೇ ಇದ್ದೇನೆ.

ನೋಟ್‌ಬುಕ್ ಕೊಡುವುದಿಲ್ಲ.

ಉಲ್ಜಾನ್


ಸಾರಿಯೋಬಾ
ಅಕ್ಟೋಬರ್ 6

ಉಲ್ಜಾನ್,

ನಿನ್ನ ಕಾಗದ ಓದಿ ಎರಡು ದಿನ ನಿನ್ನನ್ನು ಬೈದುಕೊಂಡೇ ಓಡಾಡಿದೆ. ಸೀಮೆಎಣ್ಣೆ ಸುರಿ ಅಂದದ್ದು ಟೀ ಕುಡಿಯುತ್ತಾ ಬಾಯಿಗೆ ಬಂದ ಮಾತು. ನಿನಗೆ ಒಪ್ಪಿಗೆಯಿಲ್ಲದಿದ್ದರೆ ಸಹಿ ಯಾಕೆ ಹಾಕಿದೆ? ಇಲ್ಲಿ ಎಲ್ಲರೂ ಎಲ್ಲದಕ್ಕೂ ಸಹಿ ಹಾಕುತ್ತಾರೆ ಎನ್ನುತ್ತೀಯ. ಹೌದು, ಹಾಕುತ್ತಾರೆ. ಆ ಮಾತಿಗೇ ಬರುತ್ತೇನೆ.

ಪರೀಕ್ಷೆಯ ಫೈಲು ತೆಗೆದು ನೋಡಿದೆ. ಪ್ರತಿ ಜನವರಿಗೆ ಒಂದರಂತೆ ಹನ್ನೆರಡು ವರ್ಷದ ಹನ್ನೆರಡು ಹಾಳೆ. ಎಲ್ಲದರಲ್ಲೂ ಒಂದೇ ವಾಕ್ಯ: "ಜನರೇಟರನ್ನು ಪೂರ್ಣ ಹೊರೆಯಲ್ಲಿ ಎರಡು ಗಂಟೆ ಓಡಿಸಿ ಪರೀಕ್ಷಿಸಲಾಗಿದೆ." ಒಂದು ವರ್ಷವೂ ಓಡಿಸಿಲ್ಲ. ನಿನಗೂ ಗೊತ್ತು, ಹಾಳೆ ಟೀ ಮೇಜಿಗೆ ಬರುತ್ತದೆ, ತಟ್ಟೆಯಲ್ಲಿ ಸಕ್ಕರೆ ಮುಗಿಯುವ ಮುಂಚೆ ಮೂರು ಸಹಿ ಬಿದ್ದಿರುತ್ತವೆ. ನನ್ನನ್ನು ಕುಕ್ಕಿದ್ದು ಕೊನೆಯ ನಾಲ್ಕು ಹಾಳೆ. ಇಸಾತಾಯ್ ಹೋದ ಮೇಲಿನವು. ನಾಲ್ಕರಲ್ಲೂ ನನ್ನ ಸಹಿಯಿದೆ, ಚೆಂದದ ಕೈಬರಹದಲ್ಲಿ.

ಉಪನಿರ್ದೇಶಕರಾದ ಬೊರಾನ್‌ಬಾಯ್ ಅಗಾಯ್ ಹತ್ತಿರ ಹೋಗಿ, ಈ ವರ್ಷ ನಿಜವಾಗಿ ಕರೆಂಟು ತೆಗೆಯೋಣ ಅಂದೆ. ಅವರು ಚಮಚ ಕೆಳಗಿಟ್ಟರು.

"ಚೆನ್ನಾಗಿ ಓಡ್ತಿರೋದನ್ನ ಯಾಕಮ್ಮಾ ನಿಲ್ಸಿ ನೋಡ್ಬೇಕು? ನಿನ್ನ ಎದೆ ಸರಿಯಾಗಿ ಬಡ್ಕೊಳ್ತಿದ್ಯಾ ಅಂತ ನಿಲ್ಸಿ ನೋಡ್ತೀಯಾ?"

"ಅಗಾಯ್, ಅದು ನಿಂತೇ ನಿಲ್ಲುತ್ತೆ ಒಂದಿನ. ನಾವು ಎದುರಿಗೆ ನಿಂತಿರೋವಾಗ ನಿಲ್ಲಲಿ ಅಂತ."

"ನೀನು ಮುಖ್ಯಸ್ಥೆ ಆಗಿ ಎರಡು ತಿಂಗಳು. ಕುರ್ಚಿ ಇನ್ನೂ ಬೆಚ್ಚಗಾಗಿಲ್ಲ, ಆಗ್ಲೇ ಎದ್ದು ಹೋಗೋ ಆಸೆನಾ?"

ಎದ್ದು ಬಂದು ಎರಡನೇ ಹಾಲ್‌ನ ಹಲಗೆ ಎತ್ತಿಸಿದೆ. ಆಂಬುಲೆನ್ಸ್ ದಾರಿ ಹುಡುಕುವ ಯಂತ್ರಕ್ಕೆ ಎರಡು ಕರೆಂಟು ಬಾಲಗಳಿವೆಯಲ್ಲ, ಒಂದು ಕಡೆ ಹೋದರೆ ಇನ್ನೊಂದು ಕಡೆಯಿಂದ ಬರಲಿ ಎಂದು. ಎರಡೂ ಹೋಗಿ ಒಂದೇ ಪೆಟ್ಟಿಗೆಗೆ ಸೇರಿವೆ. ಎಷ್ಟು ವರ್ಷದಿಂದ ಹಾಗಿದೆಯೋ ಗೊತ್ತಿಲ್ಲ. ಇಂಥವು ಇನ್ನೆಷ್ಟಿವೆ ಎಂದು ನೋಡಲು ಪಕ್ಕದ ಹಲಗೆಯನ್ನೂ ಎತ್ತಿಸಿದೆ.

ನೀನು ನೋಟ್‌ಬುಕ್ ಕೊಡದಿದ್ದರೂ ನಾನು ಈ ಪರೀಕ್ಷೆ ಮಾಡಿಯೇ ಮಾಡುತ್ತೇನೆ. ಒಂದೊಂದೇ ಹಲಗೆ ಎತ್ತುತ್ತೇನೆ, ನನಗೂ ಮಂಡಿಗಳಿವೆ.

ಕಮ್ಶಾತ್


ಸಾರಿಯೋಬಾ
ನವೆಂಬರ್ 12

ಉಲ್ಜಾನ್,

ನೀನು ಉತ್ತರ ಬರೆಯಲಿಲ್ಲ. ಬರೆಯಬೇಕೆಂದೇನೂ ಇಲ್ಲ. ಇದು ಜಗಳದ ಕಾಗದವಲ್ಲ.

ಮೊನ್ನೆ ಭಾನುವಾರ ಕರಾಸೂಗೆ ಹೋಗಿದ್ದೆ. ಬಸ್ಸಿನಲ್ಲಿ ಎರಡು ಗಂಟೆ, ಆಮೇಲೆ ಕಾಲ್ನಡಿಗೆ. ಇಸಾತಾಯ್ ಮನೆಯನ್ನು ಯಾರನ್ನೂ ಕೇಳಬೇಕಾಗಲಿಲ್ಲ, ಬಾಗಿಲ ಮೇಲೆ ತವರದ ಗಡಿಯಾರದ ಗುರುತು ಇನ್ನೂ ಇದೆ. ಅವನ ಹೆಂಡತಿ ನುರಿಲಾ ಅಜೆ ನನ್ನನ್ನು ಗಿರಾಕಿ ಎಂದುಕೊಂಡು ಒಂದು ಬಿಸ್ಕತ್ತಿನ ಡಬ್ಬ ತಂದು ಮುಂದಿಟ್ಟರು. ಅದರೊಳಗೆ ಜನ ರಿಪೇರಿಗೆ ಕೊಟ್ಟು ಮರೆತ ಗಡಿಯಾರಗಳು. "ನಿಂದು ಯಾವುದೋ ಹುಡುಕ್ಕೋ ಮಗಳೇ" ಅಂದರು.

ನನ್ನದು ಇದರಲ್ಲಿಲ್ಲ ಅಜೆ, ನಾನು ಡೇಟಾ ಸೆಂಟರಿನಿಂದ ಬಂದವಳು ಅಂದೆ. ಅವರು ಡಬ್ಬ ಮುಚ್ಚಿದರು. ಹೊರಗೆ ಹೋಗು ಎನ್ನುತ್ತಾರೆ ಎಂದುಕೊಂಡೆ. ಹಾಲು ಬೆರೆಸಿದ ಟೀ ಸುರಿದು, ಕರಿದ ಬೌರ್ಸಾಕ್ ರೊಟ್ಟಿಗಳ ತಟ್ಟೆಯನ್ನು ನನ್ನ ಕಡೆ ತಳ್ಳಿದರು.

"ನಿಮ್ಮವಳು ಇನ್ನೊಬ್ಳು ಬಂದಿದ್ಳು, ನಲವತ್ತನೇ ದಿನದ ಊಟಕ್ಕೆ. ಯಾರು ಏನು ಅಂತ ಹೇಳ್ಲೂ ಇಲ್ಲ, ಸೀದಾ ಹಿತ್ಲಿಗೆ ಹೋಗಿ ಕಡಾಯಿಗಳನ್ನೆಲ್ಲ ತಿಕ್ಕಿದ್ಳು. ಕೈ ಎಲ್ಲಾ ಕೆಂಪಗಾಗಿತ್ತು. ಆಮೇಲೆ ಹೇಳಿದ್ಳು."

ನೀನು ಅಲ್ಲಿಗೆ ಹೋಗಿದ್ದೆ ಎಂದು ನನಗೆ ಗೊತ್ತಿರಲಿಲ್ಲ. ಕೈಯಲ್ಲಿದ್ದ ಬೌರ್ಸಾಕನ್ನು ತಟ್ಟೆಗೆ ವಾಪಸಿಟ್ಟೆ. ಅವಳು ಸುರಿದವಳು ಮಾತ್ರ ಅಜೆ, ಸುರಿ ಅಂದವಳು ನಾನು, ಕೇಳಿದಾಗ ಬಾಯಿ ಬಿಡದೆ ಕೂತವಳೂ ನಾನೇ ಅಂದೆ. ಬೈದಿದ್ದರೆ ಹಗುರವಾಗುತ್ತಿತ್ತು, ಬೈಯಲಿಲ್ಲ. ಬಟ್ಟಲು ತುಂಬಿಸಿ ಕೇಳಿದರು:

"ಅದೆಲ್ಲ ಇರ್ಲಿ. ಈಗ ಹತ್ತುತ್ತಾ ಅದು? ನಿಮ್ಮ ಜನರೇಟ್ರು?"

ಹೌದು ಎನ್ನುವುದು ಎಷ್ಟು ಸುಲಭವಿತ್ತು ಗೊತ್ತಾ. ಹಾಳೆಯ ಮೇಲೆ ನಾಲ್ಕು ಸಲ ಹೌದು ಎಂದು ಬರೆದವಳು ನಾನು.

"ಗೊತ್ತಿಲ್ಲ ಅಜೆ."

"ನಾಲ್ಕು ವರ್ಷ ಆಯ್ತಲ್ಲೇ. ಇನ್ನೂ ಗೊತ್ತಿಲ್ವಾ?"

ವಾಪಸು ಬರುವಾಗ ಬಸ್ಸು ಹೊಂಡಗಳಲ್ಲಿ ಎತ್ತಿ ಹಾಕುತ್ತಿತ್ತು. ಮುಂದೆ ಒಂದು ಲಾರಿ ಕುಲುಕುತ್ತಾ ಹೋಗುತ್ತಿತ್ತು. ಆಗ ಹೊಳೆಯಿತು. ಡ್ರೈವರುಗಳು ಟ್ಯಾಂಕಿಗೆ ಸೀಮೆಎಣ್ಣೆ ಸುರಿಯುತ್ತಾರೆ, ರಸ್ತೆ ಅದನ್ನು ಕುಲುಕಿ ಬೆರೆಸುತ್ತದೆ. ನಮ್ಮ ಟ್ಯಾಂಕು ಕಾಂಕ್ರೀಟಿನ ಮೇಲೆ ಕೂತದ್ದು, ವರ್ಷವಿಡೀ ಅಲ್ಲಾಡದು. ಸೀಮೆಎಣ್ಣೆ ಹಗುರ, ಮೇಲೆ ತೇಲಿಕೊಂಡಿತು. ಜನರೇಟರ್ ತಳದಿಂದ ಹೀರುತ್ತದೆ, ತಳದಲ್ಲಿ ಬೇಸಿಗೆಯ ಡೀಸೆಲ್ ಹಾಗೆಯೇ ಕೂತಿತ್ತು. ಹುಲ್ಲುಗಾವಲಿನಲ್ಲಿ ಹುಟ್ಟಿ ಬೆಳೆದವಳು ನಾನು, ಲಾರಿಗೆ ಮಾಡುವುದನ್ನು ನಿಂತ ಯಂತ್ರಕ್ಕೆ ಮಾಡಿದೆ. ಇಷ್ಟು ಯೋಚಿಸಲು ನನಗೆ ನಾಲ್ಕು ವರ್ಷ ಬೇಕಾಯಿತು, ಯಾಕೆಂದರೆ ನಾಲ್ಕು ವರ್ಷ ಆ ದಿನದ ಹತ್ತಿರವೇ ನಾನು ಸುಳಿಯಲಿಲ್ಲ.

ಮಾತು ನನ್ನದು, ಉಲ್ಜಾನ್. ತಪ್ಪೂ ನನ್ನದೇ. ವಿಚಾರಣೆಯ ದಿನ ಕೆಲಸ ಹೋಗುತ್ತದೆ ಎಂಬ ಹೆದರಿಕೆಯಿಂದ ಕಿಟಕಿ ನೋಡಿದೆ. ಬೇರೆ ಯಾವ ಕಾರಣವೂ ಇರಲಿಲ್ಲ.

ಕಮ್ಶಾತ್


ಬಲ್ಕಾಶ್ ದಂಡೆ
ನವೆಂಬರ್ 23

ಕಮ್ಶಾತ್,

ನೋಟ್‌ಬುಕ್ ಕಳಿಸಿದ್ದೇನೆ. ಮೀನಿನ ವಾಸನೆ ಹೊಡೆಯುತ್ತದೆ, ಸಹಿಸಿಕೋ. ಕರಾಸೂಗೆ ಹೋದೆಯಲ್ಲ, ಅದಕ್ಕೆ ಕೊಟ್ಟೆ. ಕ್ಷಮೆಯನ್ನೂ ಇದರೊಳಗೆ ಮಡಿಸಿಟ್ಟಿದ್ದೇನೆ ಎಂದು ಪುಟಗಳನ್ನು ಒದರಿ ನೋಡಬೇಡ.

ಹದಿನಾಲ್ಕನೇ ಪುಟದಿಂದ ಎರಡನೇ ಹಾಲ್ ಇದೆ. ಕೆಂಪು ಪೆನ್ಸಿಲ್ಲಿನಲ್ಲಿ ಗೆರೆ ಎಳೆದದ್ದೆಲ್ಲ ನಕ್ಷೆಯಲ್ಲಿ ಸುಳ್ಳಿರುವುದು. ಮೂವತ್ತೊಂದು ಕಡೆ ಇತ್ತು, ನಾನು ಬಿಟ್ಟ ಮೇಲೆ ಹೆಚ್ಚಾಗಿರುತ್ತದೆ.

ಟ್ಯಾಂಕನ್ನು ತಳದವರೆಗೆ ಖಾಲಿ ಮಾಡಿಸು. ಬೆರೆಸುವುದು, ಕಲಕುವುದು, ಯಾವ ಜಾಣತನವೂ ಬೇಡ. ಹೊಸ ಡೀಸೆಲ್ ಬಂದಾಗ ಕಾಗದ ನೋಡಿ ನಂಬಬೇಡ. ತಳದ ನಲ್ಲಿಯಿಂದ ಒಂದು ಗಾಜಿನ ಜಾಡಿ ತುಂಬ ಹಿಡಿದು, ಸೌತೆಕಾಯಿ ಉಪ್ಪಿನಕಾಯಿಯ ಜಾಡಿಯಾದರೂ ಸರಿ, ಕಿಟಕಿಯ ಹೊರಗಿಡು. ಬೆಳಿಗ್ಗೆ ಅದರ ಆಚೆ ಹಿಡಿದ ಅಕ್ಷರ ಓದಲು ಬಂದರೆ ಒಳ್ಳೆಯದು. ಮಬ್ಬಾಗಿದ್ದರೆ ಲಾರಿಯನ್ನು ವಾಪಸು ಅಟ್ಟು. ಪರೀಕ್ಷೆಗೆ ಬೆಚ್ಚನೆಯ ದಿನ ಆರಿಸಿಕೊಳ್ಳಬೇಡ. ಬೊರಾನ್‌ಬಾಯ್ ಅಗಾಯ್ ಮಾರ್ಚ್ ತಿಂಗಳು ಅನ್ನುತ್ತಾರೆ, ಬೇಕಾದರೆ ಪಣ ಕಟ್ಟುತ್ತೇನೆ.

ಇನ್ನೊಂದು. ನೀನು ನನಗೆ ಬರೆದ ಒಪ್ಪಿಗೆ ನನ್ನ ಡ್ರಾಯರಿನಲ್ಲಿ ಬಲೆ ಸೂಜಿಗಳ ಜೊತೆ ಬಿದ್ದಿರುತ್ತದೆ. ಅಲ್ಲಿ ಅದರಿಂದ ಯಾರಿಗೂ ಉಪಯೋಗವಿಲ್ಲ. ವಿಚಾರಣಾ ಸಮಿತಿಗೆ ಬರೆ. ಟೈಪ್ ಮಾಡಿಸಬೇಡ, ಆ ಚೆಂದದ ಕೈಬರಹದಲ್ಲೇ ಬರೆ.

ಉಲ್ಜಾನ್


ಸಾರಿಯೋಬಾ
ಡಿಸೆಂಬರ್ 18

ಉಲ್ಜಾನ್,

ಬರೆದೆ. ಎರಡೂವರೆ ಪುಟ. ಬೊರಾನ್‌ಬಾಯ್ ಅಗಾಯ್ ಓದಿ ಕನ್ನಡಕ ತೆಗೆದು ಒರೆಸಿ, ಮತ್ತೆ ಓದಿದರು.

"ಇದನ್ನ ಯಾರೂ ಕೇಳಿರ್ಲಿಲ್ವಲ್ಲಮ್ಮಾ."

"ಕೇಳಿದ್ರು ಅಗಾಯ್. ನಾಲ್ಕು ವರ್ಷದ ಹಿಂದೆ. ಉತ್ತರ ತಡವಾಯ್ತು."

"ಹರಿದು ಹಾಕು. ನಾನು ನೋಡ್ಲಿಲ್ಲ, ನೀನು ತೋರಿಸ್ಲಿಲ್ಲ."

"ಒಂದು ಪ್ರತಿ ಆಗ್ಲೇ ಅಂಚೆಗೆ ಹಾಕಾಯ್ತು."

ಅವರು ಬಾಯಿಗೆ ಬಂದ ಹಾಗೆ ಬೈದರು. ನನ್ನ ಅಪ್ಪನ ವಯಸ್ಸಿನವರು, ಬೈಸಿಕೊಂಡೆ. ಮಂಡಳಿ ನನ್ನನ್ನು ಕರೆಸಿತು. ಒಂಬತ್ತು ಜನ ಒಂದು ಕಡೆ, ನಾನು ಇನ್ನೊಂದು ಕಡೆ. ಫೆಬ್ರವರಿ ಒಂದರಿಂದ ನಾನು ಮುಖ್ಯಸ್ಥೆಯಲ್ಲ, ಪಾಳಿ ಎಂಜಿನಿಯರ್. ನಿನ್ನ ಮೇಲಿನ ಹಳೆಯ ಆದೇಶವನ್ನು ಮತ್ತೆ ತೆರೆಯುತ್ತಾರಂತೆ. ಅಳು ಬರುತ್ತದೆ ಎಂದುಕೊಂಡಿದ್ದೆ, ಬರಲಿಲ್ಲ. ಹೊರಗೆ ಬಂದಾಗ ಹಸಿವಾಗಿತ್ತು, ಎರಡು ತಟ್ಟೆ ಮಂತಿ ಕಡುಬು ತಿಂದೆ.

ಆದರೆ ಜನವರಿ ಮುಗಿಯುವವರೆಗೆ ಮುಖ್ಯಸ್ಥೆ ನಾನೇ ತಾನೆ? ಅದನ್ನೇ ಅವರ ಮುಂದಿಟ್ಟೆ. ಪರೀಕ್ಷೆಗೆ ಅನುಮತಿ ಕೊಡಿ, ಇಲ್ಲವಾದರೆ "ಬೇಡ" ಎಂದು ಬರೆದು ಒಂಬತ್ತು ಜನವೂ ಸಹಿ ಹಾಕಿ ಅಂದೆ. ಸಹಿ ಎಂದ ಕೂಡಲೇ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬರ ಪೆನ್ನೂ ಹೊರಗೆ ಬರಲಿಲ್ಲ. ಅನುಮತಿ ಸಿಕ್ಕಿತು. ಮಾರ್ಚ್‌ನಲ್ಲಿ ಮಾಡಬಹುದಲ್ಲ ಎಂದು ಬೊರಾನ್‌ಬಾಯ್ ಅಗಾಯ್ ಕೇಳಿದಾಗ ನನಗೆ ನಗು ತಡೆಯಲಾಗಲಿಲ್ಲ, ಪಣ ನೀನೇ ಗೆದ್ದೆ.

ಕೆಂಪು ಗೆರೆಗಳು ಮೂವತ್ತೊಂದಲ್ಲ, ನಲವತ್ನಾಲ್ಕು. ಇಪ್ಪತ್ತೊಂಬತ್ತನ್ನು ಸರಿಪಡಿಸಿದ್ದೇವೆ. ದಾರಿ ಹುಡುಕುವ ಯಂತ್ರದ ಎರಡು ಬಾಲಗಳನ್ನು ಬೇರೆ ಬೇರೆ ಪೆಟ್ಟಿಗೆಗೆ ನಾನೇ ಕೂತು ಹಾಕಿದೆ. ಟ್ಯಾಂಕು ತಳದವರೆಗೆ ಖಾಲಿಯಾಯಿತು, ತಳದಲ್ಲಿ ಅಂಗೈ ದಪ್ಪದ ಮೇಣವಿತ್ತು. ಹೊಸ ಡೀಸೆಲಿನ ಮೊದಲ ಲಾರಿ ಬಂದಾಗ ಜಾಡಿ ಇಟ್ಟೆ, ಬೆಳಿಗ್ಗೆ ಮೊಸರಿನ ಹಾಗಿತ್ತು. "ಕಾಗದ ಸರಿಯಾಗೇ ಇದ್ಯಲ್ಲಕ್ಕಾ" ಅಂದ ಡ್ರೈವರ್. ಕಾಗದ ಸುಟ್ಟು ಜನರೇಟರ್ ಓಡಿಸೋಕಾಗಲ್ಲ ಎಂದು ಹೇಳಿ ಅಟ್ಟಿದೆ. ಎರಡನೇ ಲಾರಿಯ ಜಾಡಿ ಇನ್ನೂ ಕಿಟಕಿಯ ಹೊರಗೆ ನನ್ನ ಟೊಮೆಟೊ ಉಪ್ಪಿನಕಾಯಿಯ ಪಕ್ಕದಲ್ಲಿದೆ. ಅದರ ಆಚೆ ಪತ್ರಿಕೆಯ ಹವಾಮಾನ ಅಂಕಣವನ್ನು ಓದಿದೆ.

ಜನವರಿ ಇಪ್ಪತ್ತೊಂದು, ಬೆಳಿಗ್ಗೆ ಹನ್ನೊಂದು ಇಪ್ಪತ್ತು. ಅವತ್ತು ಊರಿನ ಕರೆಂಟು ಹೋದ ಗಳಿಗೆಯೇ ಇರಲಿ. ನೀನು ಬರುತ್ತೀಯಾ?

ಕಮ್ಶಾತ್


ಬಲ್ಕಾಶ್ ದಂಡೆ
ಜನವರಿ 3

ಕಮ್ಶಾತ್,

ಬರುವುದಿಲ್ಲ. ನಾನು ಅಲ್ಲಿ ನಿಂತರೆ ನೀನು ಮೀಟರ್ ನೋಡುವ ಬದಲು ನನ್ನ ಮುಖ ನೋಡುತ್ತೀಯ.

ಮೂರೂ ಪ್ರಾಂತ್ಯಗಳ ಕರೆ ಸ್ವೀಕರಿಸುವ ಹುಡುಗಿಯರ ಮೇಜಿನ ಮೇಲೆ ಪೆನ್ಸಿಲು, ಖಾಲಿ ಚೀಟಿ, ಕಾಗದದ ನಕ್ಷೆ ಇರಲಿ. ಯಂತ್ರ ನಿಂತರೆ ಅವರು ನಿಲ್ಲಬಾರದು. ಅವತ್ತು ಅವರ ಹತ್ತಿರ ಒಂದು ಪೆನ್ಸಿಲೂ ಇರಲಿಲ್ಲ, ಅದು ಇಂದಿಗೂ ನನ್ನ ಕಣ್ಣಿಗೆ ಕಟ್ಟಿದೆ.

ಸ್ವಿಚ್ಚನ್ನು ಬೇರೆಯವರ ಕೈಯಲ್ಲಿ ಎಳೆಸಬೇಡ.

ಉಲ್ಜಾನ್


ಸಾರಿಯೋಬಾ
ಜನವರಿ 25

ಉಲ್ಜಾನ್,

ನಾನೇ ಎಳೆದೆ.

ಸೊನ್ನೆಗಿಂತ ಮೂವತ್ತಮೂರು ಕೆಳಗೆ, ಗಾಳಿ ಬೇರೆ. ಕರೆಯ ಹುಡುಗಿಯರಿಗೆ ಪೆನ್ಸಿಲು ಕೊಟ್ಟು, ಮೂರು ಸಲ ತಾಲೀಮು ಮಾಡಿಸಿದ್ದೆ. ಹನ್ನೊಂದು ಇಪ್ಪತ್ತಕ್ಕೆ ಸ್ವಿಚ್ಚಿನ ಹಿಡಿ ಹಿಡಿದೆ. ಎಳೆದೆ. ದೀಪ ಆರಿತು, ಬ್ಯಾಟರಿಗಳು ಕೂಗಲು ಶುರು ಮಾಡಿದವು. ಒಂದು, ಎರಡು ಎಂದು ನಾನು ಗಟ್ಟಿಯಾಗಿ ಎಣಿಸುತ್ತಿದ್ದೆನಂತೆ, ನನಗೆ ಗೊತ್ತಿಲ್ಲ. ಹದಿನಾಲ್ಕಕ್ಕೆ ಜನರೇಟರ್ ಕೆಮ್ಮಿತು, ಕರಿ ಹೊಗೆ ಉಗುಳಿತು, ಹಿಡಿದುಕೊಂಡಿತು. ದೀಪ ಬಂತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಎಲ್ಲರೂ ಆರು ನಿಮಿಷ ದಾಟುವುದನ್ನು ಕಾಯುತ್ತಿದ್ದರು. ಆರು ದಾಟಿತು, ಹತ್ತು ದಾಟಿತು. ಬೊರಾನ್‌ಬಾಯ್ ಅಗಾಯ್ ಫ್ಲಾಸ್ಕ್ ತೆರೆದು ಟೀ ಬಗ್ಗಿಸಿಕೊಂಡರು.

ಆಗ ಎರಡನೇ ಹಾಲ್ ಬಿಸಿಯಾಗತೊಡಗಿತು. ಕರೆಂಟು ಬಂದ ಮೇಲೆ ತಾನಾಗಿ ಶುರುವಾಗಬೇಕಿದ್ದ ತಂಪು ಯಂತ್ರ ಶುರುವಾಗಲೇ ಇಲ್ಲ. ಇಪ್ಪತ್ತನಾಲ್ಕು, ಇಪ್ಪತ್ತೆಂಟು, ಮೂವತ್ತಮೂರು. ಹೊರಗೆ ಜಗತ್ತಿನ ಚಳಿಯೆಲ್ಲ ಬಿದ್ದಿದೆ, ಒಳಗೆ ಯಂತ್ರಗಳು ಬೇಯುತ್ತಿವೆ. ಹೊರಗಿನ ಗಾಳಿ ಬಿಡುವ ದೊಡ್ಡ ಕವಾಟವಿದೆಯಲ್ಲ, ಅದರ ಹಿಡಿ ಹಿಮಗಟ್ಟಿ ಕಲ್ಲಾಗಿತ್ತು. ನಾನು ಜೋತುಬಿದ್ದೆ, ಕಾವಲುಗಾರ ಜೋತುಬಿದ್ದ, ಕದಲಲಿಲ್ಲ. "ಸಾಕಮ್ಮಾ, ಊರಿನ ಕರೆಂಟು ಹಾಕ್ಬಿಡು" ಎಂದು ಯಾರೋ ಕೂಗಿದರು. ಹಾಕಿದ್ದರೆ ಮುಗಿಯುತ್ತಿತ್ತು, ಹಾಳೆಯಲ್ಲಿ ಮತ್ತೊಂದು ಚೆಂದದ ವಾಕ್ಯ ಬರೆಯಬಹುದಿತ್ತು. ಅವತ್ತು ಇಸಾತಾಯ್‌ಗೆ ಊರಿನ ಕರೆಂಟು ಹಾಕಿಕೊಡುವವರು ಯಾರಿದ್ದರು? "ಹಾಕಲ್ಲ" ಅಂದೆ.

ಹಿಂದಿನಿಂದ ಬೊರಾನ್‌ಬಾಯ್ ಅಗಾಯ್ ಬಂದರು. "ಸರಿಯಮ್ಮಾ ಪಕ್ಕಕ್ಕೆ" ಎನ್ನುತ್ತಾ ಫ್ಲಾಸ್ಕಿನ ಟೀಯನ್ನೆಲ್ಲ ಹಿಡಿಯ ಮೇಲೆ ಸುರಿದರು. ಹಾಲು ಹಾಕಿದ, ಬೆಣ್ಣೆ ಹಾಕಿದ ಟೀ! ಆವಿ ಎದ್ದಿತು. ಅದು ಮತ್ತೆ ಗಟ್ಟಿಯಾಗುವ ಮುಂಚೆ ಮೂವರೂ ಒಟ್ಟಿಗೆ ಎಳೆದೆವು. ಕವಾಟ ಕಿರುಗುಟ್ಟಿ ತೆರೆಯಿತು, ಇಡೀ ಹುಲ್ಲುಗಾವಲು ಒಳಗೆ ನುಗ್ಗಿತು. ಮುಂದಿನ ಮೂರೂವರೆ ಗಂಟೆ ನಾವು ಕುರಿಚರ್ಮದ ಕೋಟು ಹಾಕಿಕೊಂಡು ಸರ್ವರುಗಳ ನಡುವೆ ಕೂತಿದ್ದೆವು.

ಒಟ್ಟು ನಾಲ್ಕು ಗಂಟೆ. ಬಂದ ಕರೆ ಇನ್ನೂರ ಹನ್ನೆರಡು. ಒಂದೂ ತಪ್ಪಲಿಲ್ಲ.

ಹಾಳೆ ಬರೆಯುವಾಗ ಟೀ ಮೇಜಿನಲ್ಲಿ ಬರೆಯಲಿಲ್ಲ, ಜನರೇಟರ್ ಪಕ್ಕದಲ್ಲೇ ನಿಂತು ಬರೆದೆ. "ಒಂದು ತಂಪು ಯಂತ್ರ ಶುರುವಾಗಲಿಲ್ಲ. ಕವಾಟದ ಹಿಡಿ ಹಿಮಗಟ್ಟಿತ್ತು. ಉಪನಿರ್ದೇಶಕರ ಟೀಯಿಂದ ತೆರೆಯಲಾಯಿತು."

"ಟೀ ಅಂತ ಬರೀಬೇಡಮ್ಮಾ, ಮಂಡಳಿಯವ್ರು ನಗ್ತಾರೆ" ಅಂದರು ಬೊರಾನ್‌ಬಾಯ್ ಅಗಾಯ್.

"ನಗ್ಲಿ ಅಗಾಯ್. ಹದಿಮೂರು ವರ್ಷದಲ್ಲಿ ಈ ಫೈಲಿಗೆ ಬರ್ತಿರೋ ಮೊದಲನೇ ನಿಜ ಇದು."

ಅವರು ಸಹಿ ಹಾಕಿದರು. ಹೊಸ ಹಿಡಿಗೂ ಆ ತಂಪು ಯಂತ್ರದ ರಿಪೇರಿಗೂ ತಾವೇ ಬೇಡಿಕೆ ಬರೆದರು.

ನಿನ್ನೆ ಕರಾಸೂಗೆ ಹೋದೆ. ನುರಿಲಾ ಅಜೆ ಹಿತ್ತಲಲ್ಲಿ ಹಿಮ ಗುಡಿಸುತ್ತಿದ್ದರು. ಕೂರಲೂ ಇಲ್ಲ, ಬಾಗಿಲಲ್ಲೇ ಹೇಳಿದೆ: "ಹತ್ತುತ್ತೆ ಅಜೆ. ನಾಲ್ಕು ಗಂಟೆ ಓಡ್ತು. ನಾನೇ ನೋಡ್ದೆ."

ಪೊರಕೆಯ ಮೇಲೆ ಗದ್ದ ಊರಿ ನನ್ನನ್ನು ನೋಡಿದರು.

"ಸರಿ. ಮುಂದಿನ ವರ್ಷ?"

ಉಲ್ಜಾನ್, ನನ್ನ ಹತ್ತಿರ ಉತ್ತರವಿತ್ತು. ಮುಂದಿನ ವರ್ಷವೂ ಎಳೆದು ನೋಡಿ ಬಂದು ಹೇಳುತ್ತೇನೆ ಅಂದೆ. ಮುಖ್ಯಸ್ಥೆ ಯಾರೇ ಆಗಿರಲಿ, ಪಾಳಿಯಲ್ಲಿ ನಾನಿರುತ್ತೇನೆ. ಅಜೆ ಪೊರಕೆಯನ್ನು ನನ್ನ ಕೈಗೆ ಕೊಟ್ಟು, "ಹಂಗಾದ್ರೆ ಅಷ್ಟು ಗುಡ್ಸು, ನಾನು ಟೀ ಇಡ್ತೀನಿ" ಎಂದು ಒಳಗೆ ಹೋದರು. ಗುಡಿಸಿದೆ. ಗುಡಿಸುತ್ತಾ ಅತ್ತೆ, ಮಂಡಳಿಯ ಮುಂದೆ ನಿಂತ ದಿನ ಬಾರದ ಅಳುವೆಲ್ಲ ಅಲ್ಲಿ ಬಂತು.

ನಿನ್ನ ನೋಟ್‌ಬುಕ್ಕನ್ನು ಮಾರ್ಜಿಯಾಳ ಕೈಯಲ್ಲಿ ವಾಪಸು ಕಳಿಸಿದ್ದೇನೆ. ಕೆಂಪು ಗೆರೆ ಸರಿಯಾದ ಕಡೆಯೆಲ್ಲ ಪಕ್ಕದಲ್ಲಿ ಹಸಿರು ಗುರುತು ಹಾಕಿದ್ದೇನೆ.

ಕಮ್ಶಾತ್


ಬಲ್ಕಾಶ್ ದಂಡೆ
ಫೆಬ್ರವರಿ 14

ಕಮ್ಶಾತ್,

ಮಂಡಳಿಯಿಂದ ಕಾಗದ ಬಂತು. ನನ್ನ ಹೆಸರಿನ ಮೇಲಿದ್ದ ಹಳೆಯ ಆದೇಶ ರದ್ದಾಗಿದೆಯಂತೆ. ಒಂದೂವರೆ ಸಾಲು, ಒಂದು ಮೊಹರು. ಕಂಪ್ರೆಸರ್ ಕೋಣೆಯಲ್ಲಿ ನಿಂತು ಐದು ಸಲ ಓದಿದೆ. ಸಂತೋಷವಾಯಿತು. ಸಿಟ್ಟು ಪೂರ್ತಿ ಹೋಗಿಲ್ಲ, ಅದನ್ನೂ ಹೇಳುತ್ತೇನೆ.

ಇನ್ನೊಂದು ವಿಷಯ, ನಗಬೇಡ. ನಿನ್ನ ಕಾಗದ ಓದಿದ ಮೇಲೆ ಇಲ್ಲಿನ ಪರೀಕ್ಷೆಯ ಪುಸ್ತಕ ತೆಗೆದು ನೋಡಿದೆ. ಮೂರು ವರ್ಷದಿಂದ "ಜನರೇಟರ್ ಪರೀಕ್ಷಿಸಲಾಗಿದೆ" ಎಂದು ಬರೆದು ಸಹಿ ಹಾಕಿದ್ದೇನೆ, ಮೀನು ತಾನೇ ಎಂದುಕೊಂಡು. ಮೊನ್ನೆ ಸ್ವಿಚ್ ಎಳೆದೆ. ಹತ್ತಲಿಲ್ಲ.

ನಿನ್ನನ್ನು ನಾಲ್ಕು ವರ್ಷ ಬೈದ ಬಾಯಿಯನ್ನು ಮುಚ್ಚಿಕೊಂಡು ಸ್ವಲ್ಪ ಹೊತ್ತು ಮೀನಿನ ಪೆಟ್ಟಿಗೆಯ ಮೇಲೆ ಕೂತಿದ್ದೆ.

ಇಂಧನದ ಜಾಡಿ ತಿಳಿಯಾಗಿದೆ, ಬ್ಯಾಟರಿ ಚೆನ್ನಾಗಿದೆ, ಎಂಜಿನ್ ತಿರುಗುತ್ತದೆ, ಹಿಡಿದುಕೊಳ್ಳುವುದಿಲ್ಲ. ನಿನ್ನದು ಹದಿನಾಲ್ಕಕ್ಕೆ ಕೆಮ್ಮಿತಲ್ಲ, ನನ್ನದು ಕೆಮ್ಮುವುದೂ ಇಲ್ಲ. ಕಾಗದದಲ್ಲಿ ಇದು ಬಗೆಹರಿಯುವುದಿಲ್ಲ, ನೀನು ಅದರ ಸದ್ದು ಕೇಳಬೇಕು.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ನಾನು ಅದರ ಪಕ್ಕದಲ್ಲೇ ಇರುತ್ತೇನೆ. ಫೋನ್ ಮಾಡು. ಎತ್ತುತ್ತೇನೆ.

ಉಲ್ಜಾನ್